ಏಳು ಮಿಲ್ಲಿ ಸಣ್ಣ ಇಡ್ಲಿ

ಸುಮಾರು ಒಂದು ತಿಂಗಳ ಕಾಲ ನಾನು ಚಿಕ್ಕವನಾಗುತ್ತಿದ್ದೇನೆ ಎಂದು ನಂಬಿದ್ದೆ. ಅರವತ್ತೆರಡರಲ್ಲಿ ಇಂಥದ್ದನ್ನು ಯಾರೂ ಸುಮ್ಮನೆ ನಂಬುವುದಿಲ್ಲ. ನನ್ನ ಬಳಿ ಸಾಕ್ಷ್ಯವಿತ್ತು. ವರ್ಷಗಳಿಂದ ಬೆಳಗಿನ ಹೊತ್ತು ಎರಡು ಇಡ್ಲಿಗೆ ಸುಮ್ಮನಾಗುತ್ತಿದ್ದ ಹೊಟ್ಟೆ ಈಗ ಮೂರನೆಯದನ್ನು ಕೇಳುತ್ತಿತ್ತು. ಕೊಟ್ಟರೆ ತಕರಾರಿಲ್ಲದೆ ಅರಗಿಸಿಕೊಳ್ಳುತ್ತಿತ್ತು. ಹಸಿವು ಹೆಚ್ಚಿದೆ, ಜೀರ್ಣಶಕ್ತಿ ಮರಳಿದೆ, ಬಸ್ ಸ್ಟಾಪಿನ ತನಕ ನಡೆಯುವ ಅಭ್ಯಾಸ ಫಲ ಕೊಟ್ಟಿದೆ ಎಂದು ನಾನೇ ತೀರ್ಮಾನಿಸಿ ಹೆಂಡತಿಗೆ ತಿಳಿಸಿದೆ. ಅವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ, "ಚಟ್ನಿ ಚೆನ್ನಾಗಿರ್ಬೇಕು ಅಷ್ಟೆ" ಎಂದಳು.

ಮೂವತ್ತು ವರ್ಷ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೂತು ಬೇರೆಯವರ ವಾಕ್ಯಗಳನ್ನು ಕತ್ತರಿಸಿದವನು ನಾನು. ಯಾರು ಹೇಳಿದರು, ಇನ್ನೊಬ್ಬರನ್ನು ಕೇಳಿದಿರಾ ಎಂದು ವಿಚಾರಿಸದೆ ಒಂದು ಸಾಲನ್ನೂ ಅಚ್ಚಿಗೆ ಬಿಟ್ಟವನಲ್ಲ. ನನ್ನ ತಾರುಣ್ಯದ ಸುದ್ದಿಯನ್ನು ಮಾತ್ರ ಒಂದೇ ಮೂಲದಿಂದ, ಅದೂ ನನ್ನದೇ ಹೊಟ್ಟೆಯಿಂದ ಪಡೆದು, ಪರಿಶೀಲಿಸದೆ ಪ್ರಕಟಿಸಿಬಿಟ್ಟಿದ್ದೆ.

ನಾನು ತಿಂಡಿ ತಿನ್ನುವುದು ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದ ಒಂದು ಸಣ್ಣ ದರ್ಶಿನಿಯಲ್ಲಿ. ನಿವೃತ್ತಿಯ ನಂತರ ಅಲ್ಲಿನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ ಹಿಡಿದಿದ್ದೇನೆ. ಚಿಕ್ಕಬಾಣಾವರದಿಂದ ಬೆಳಗ್ಗೆ ಏಳಕ್ಕೆ ಹೊರಡುವವನಿಗೆ ತಿಂಡಿ ಮಾಡಿಕೊಡುವ ಹುದ್ದೆಯಿಂದ ನನ್ನ ಹೆಂಡತಿಯೂ ನಿವೃತ್ತಳಾಗಿದ್ದಾಳೆ. ಅವಳು ನನ್ನಂತೆ ಮತ್ತೆ ಕೆಲಸ ಹಿಡಿಯುವ ತಪ್ಪು ಮಾಡಲಿಲ್ಲ. ದರ್ಶಿನಿಯನ್ನು ನಡೆಸುವವರು ದಾವಣಗೆರೆ ಕಡೆಯ ರೇಣುಕಮ್ಮ. ಸುತ್ತಲಿನ ವರ್ಕ್‌ಶಾಪುಗಳ ಅಷ್ಟೂ ಜನಕ್ಕೆ ಅವರು ರೇಣುಕಕ್ಕ. ಹಣೆಗೆ ವಿಭೂತಿ, ಕೈಯಲ್ಲಿ ಟೋಕನ್ ಚೀಟಿಯ ಪುಸ್ತಕ, ಕಣ್ಣು ಮಾತ್ರ ಹಬೆಪಾತ್ರೆಯ ಮೇಲೆ. ಕುರ್ಚಿಗಳಿಲ್ಲ. ಎದೆಮಟ್ಟದ ಕಲ್ಲುಮೇಜಿಗೆ ಮೊಳಕೈ ಊರಿ ಎಲ್ಲರೂ ನಿಂತೇ ತಿನ್ನುತ್ತೇವೆ. ಕೂತರೆ ಬಿಲ್ಲಿನಲ್ಲಿ ಕುರ್ಚಿಯ ಬಾಡಿಗೆಯೂ ಸೇರುತ್ತದೆ ಎಂಬುದನ್ನು ಈ ಊರು ಬಹಳ ಹಿಂದೆಯೇ ಕಂಡುಕೊಂಡಿದೆ.

ಅಲ್ಲಿ ಗೋಡೆಯ ಮೇಲೊಂದು ದರಪಟ್ಟಿ ಇದೆ. ಒಂದು ಬೆಲೆಯ ಮೇಲೆ ಇನ್ನೊಂದು ಬೆಲೆಯ ಚೀಟಿ ಅಂಟಿಸಿ ಅಂಟಿಸಿ ಅಂಕಿಗಳೆಲ್ಲ ದಪ್ಪಗೆ ಊದಿಕೊಂಡಿವೆ. ಉತ್ಖನನಕ್ಕೆ ಇಳಿದರೆ ತಳದಲ್ಲಿ ಹತ್ತು ರೂಪಾಯಿಯ ಮಸಾಲೆ ದೋಸೆ ಸಿಕ್ಕೀತು. ಪೂರಿ, ವಡೆ, ಖಾರಾಬಾತು ಎಲ್ಲಕ್ಕೂ ಈಚೆಗೆ ಹೊಸ ಚೀಟಿ ಬಿದ್ದಿತ್ತು. ಎರಡು ಇಡ್ಲಿಯ ಪ್ಲೇಟಿಗೆ ಮಾತ್ರ ಎರಡು ವರ್ಷದಿಂದ ಅದೇ ಮೂವತ್ತು ರೂಪಾಯಿ. ಇದನ್ನು ನಾನು ಒಂದು ಸದ್ಗುಣವೆಂದು ಬಗೆದು, ನಾಲ್ಕು ಜನರ ಮುಂದೆ ಹೊಗಳಿಯೂ ಇದ್ದೆ.

ನನ್ನ ಮಗಳು ಮಹದೇವಪುರದಲ್ಲಿ ಇರುತ್ತಾಳೆ. ಅವಳು ಹೋದ ತಿಂಗಳು ನಮ್ಮಿಬ್ಬರನ್ನು ಮಾಲ್ ಒಂದಕ್ಕೆ ಬರ್ಗರ್ ತಿನ್ನಿಸಲು ಕರೆದುಕೊಂಡು ಹೋದಳು. ಅಲ್ಲಿ ದರಪಟ್ಟಿ ಗೋಡೆಯ ಮೇಲೆ ನಿಲ್ಲುವುದಿಲ್ಲ, ಓಡುತ್ತದೆ. ಬರ್ಗರಿನ ಚಿತ್ರ ಬಂತು ಎಂದು ಕನ್ನಡಕ ಸರಿಮಾಡಿಕೊಂಡು ಬೆಲೆ ಓದುವಷ್ಟರಲ್ಲಿ ಅಲ್ಲಿ ಐಸ್‌ಕ್ರೀಮು ಬಂದಿರುತ್ತದೆ. ಹಿಂದಿನ ಸಲ ಇದಕ್ಕೆ ಎಷ್ಟಿತ್ತು ಎಂದು ಮಗಳನ್ನು ಕೇಳಿದೆ. ಅವಳಿಗೆ ನೆನಪಿರಲಿಲ್ಲ. ಮುಂದಿದ್ದವರಿಗೂ ನೆನಪಿದ್ದ ಹಾಗೆ ಕಾಣಲಿಲ್ಲ. ಮೊಬೈಲು ತೋರಿಸುತ್ತಿದ್ದರು, ಅದು ಟಿಂಗ್ ಎನ್ನುತ್ತಿತ್ತು, ಹೋಗುತ್ತಿದ್ದರು. ಹಳೆಯ ಬೆಲೆ ನೆನಪಿಲ್ಲದವನಿಗೆ ಹೊಸ ಬೆಲೆ ನೋಯುವುದಿಲ್ಲ. ಕೊನೆಗೆ ನನ್ನ ಕೈಗೆ ಬಂದ ಬರ್ಗರು ಪರದೆಯ ಮೇಲಿನ ಬರ್ಗರಿನ ದೂರದ, ಬಡ ಸಂಬಂಧಿಯಂತಿತ್ತು. "ಅಪ್ಪಾ, ಫೋಟೋ ಜೊತೆ ಹೋಲಿಸ್ಬಾರ್ದು" ಎಂದಳು ಮಗಳು. ಹೆಂಡತಿ, ಮದುವೆಗೆ ಮುಂಚೆ ತನಗೆ ತೋರಿಸಿದ್ದ ನನ್ನ ಫೋಟೋವನ್ನು ನೆನಪಿಸಿದಳು.

ಪೀಣ್ಯ ಅಂಥ ಊರಲ್ಲ. ಇಲ್ಲಿ ಬೆಳಗಿನ ಶಿಫ್ಟಿಗೆ ಮುಂಚೆ ಇಡ್ಲಿ ತಿನ್ನಲು ನಿಲ್ಲುವವರಲ್ಲಿ ಅರ್ಧ ಜನ ಲೇತ್ ಮುಂದೆ ಬದುಕಿದವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೆ ಮಾಡಿದ ಮಾಲು ವಾಪಸು ಬರುತ್ತದೆ ಎಂಬ ಭಯ ಅವರ ಬೆರಳಿನಲ್ಲಿರುತ್ತದೆ. ನಾವು ಜೇಬಿಗೆ ಪೆನ್ನು ಸಿಕ್ಕಿಸಿಕೊಳ್ಳುವಂತೆ ಅವರಲ್ಲಿ ಕೆಲವರು ವರ್ನಿಯರ್ ಇಟ್ಟುಕೊಂಡಿರುತ್ತಾರೆ. ಎರಡು ದವಡೆಗಳ ನಡುವೆ ವಸ್ತುವನ್ನು ಕಚ್ಚಿ ಹಿಡಿದು ಮಿಲ್ಲಿಮೀಟರಿನ ಚೂರಿನ ತನಕ ಅಳೆಯುವ ಸಾಧನ ಅದು. ಇಂಥವರ ನಡುವೆ ಹೋಟೆಲು ಇಟ್ಟ ರೇಣುಕಕ್ಕ ಇದೊಂದನ್ನು ಮರೆತಿದ್ದರು.

ಒಂದು ಬುಧವಾರ ಬೆಳಿಗ್ಗೆ ನನ್ನ ಪಕ್ಕದಲ್ಲಿ ನಿಂತಿದ್ದವರು ಕೃಷ್ಣಪ್ಪ. ಇಪ್ಪತ್ತೈದು ವರ್ಷದಿಂದ ಲೇತ್ ನಡೆಸುವ ಟರ್ನರ್, ನೆಲಮಂಗಲದ ಹತ್ತಿರದ ಹಳ್ಳಿಯವರು, ಮಾತು ಕಡಿಮೆ. ಇಡ್ಲಿಯನ್ನು ಎರಡು ಸಲ ತಿರುಗಿಸಿ ನೋಡಿದರು. ಸಾಂಬಾರನ್ನು ಒತ್ತಟ್ಟಿಗೆ ಸರಿಸಿ, ಜೇಬಿನಿಂದ ವರ್ನಿಯರ್ ತೆಗೆದು, ಕರವಸ್ತ್ರದಿಂದ ಒರೆಸಿ, ಇಡ್ಲಿಯ ಸೊಂಟಕ್ಕೆ ಹಿಡಿದರು. ಆಮೇಲೆ ದಪ್ಪ ಅಳೆದರು.

"ಅಕ್ಕಾ, ಅಗಲ ಏಳು ಮಿಲ್ಲಿ ಕಮ್ಮಿ ಐತೆ. ದಪ್ಪ ಮೂರು."

ರೇಣುಕಕ್ಕ ಟೋಕನ್ ಹರಿಯುತ್ತಿದ್ದ ಕೈ ನಿಲ್ಲಿಸಿದರು. ಇಡ್ಲಿ ಅಂದರೆ ಒಂದು ದಿನ ಹಂಗೆ ಒಂದು ದಿನ ಹಿಂಗೆ, ಹಿಟ್ಟು ಉಬ್ಬಬೇಕಲ್ಲ ಎಂದು ಏನೋ ಹೇಳಹೊರಟರು. ಕೃಷ್ಣಪ್ಪ ತಲೆಯಾಡಿಸಿದರು. "ಹಳೇ ಇಡ್ಲಿ ತಟ್ಟೆ ಹಿಡಿ ಮುರ್ದಾಗ ನಾನೇ ಅಲ್ವಾ ವೆಲ್ಡಿಂಗ್ ಮಾಡಿಸ್ಕೊಟ್ಟಿದ್ದು? ಗುಳಿ ತೊಂಬತ್ತು ಮಿಲ್ಲಿ ಇತ್ತು. ಇದು ಬ್ಯಾರೆ ತಟ್ಟೆ."

ಅಗಲ ಮತ್ತು ದಪ್ಪ ಎರಡೂ ಇಷ್ಟು ಇಳಿದರೆ ನಾಲ್ಕರಲ್ಲಿ ಒಂದು ಪಾಲು ಇಡ್ಲಿ ಮಾಯವಾಗಿರುತ್ತದೆ ಎಂದು ಯಾರೋ ಹೇಳಿದರು. ಆ ಕ್ಷಣದಲ್ಲಿ ನನ್ನ ತಾರುಣ್ಯವೂ ಮಾಯವಾಯಿತು. ಮೂರನೆಯ ಇಡ್ಲಿ ಅರ್ಧ ತಿಂದಾಗಿತ್ತು. ಉಳಿದರ್ಧವನ್ನು ನಾನು ಬಹಳ ವಯಸ್ಸಾದವನಂತೆ ಅಗಿದೆ.

ಇಲ್ಲಿ ರೇಣುಕಕ್ಕನ ಪರವಾಗಿ ಒಂದು ಮಾತು ಹೇಳಬೇಕು. ಸೇರು, ಪಾವು, ಚಟಾಕುಗಳ ಕಾಲದಲ್ಲಿ ಒಂದೊಂದು ಸೀಮೆಗೂ ಒಂದೊಂದು ಅಳತೆ ಇರುತ್ತಿತ್ತು. ನಮ್ಮೂರ ಪಾವು ನಿಮ್ಮೂರಲ್ಲಿ ನಡೆಯುತ್ತಿರಲಿಲ್ಲ. ಈಗ ಸಂತೆಯ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕು. ಆದರೆ ಊರಿಗೆ ಊರೇ ತಿನ್ನುವ 'ಪ್ಲೇಟ್' ಎಂಬ ಅಳತೆ ಮಾತ್ರ ಯಾವ ಕೋಷ್ಟಕದಲ್ಲೂ ಇಲ್ಲ. ಒಂದು ಪ್ಲೇಟ್ ಪೂರಿ ಅಂದರೆ ಮೂರು, ಎರಡು, ಅಥವಾ ಮಾಲೀಕರ ಮನಸ್ಸು. ಬಿಸ್ಕತ್ತಿನ ಪೊಟ್ಟಣದಲ್ಲಿ ಗಾಳಿ ಹೆಚ್ಚಾಗುವುದನ್ನು, ಸೋಪು ನಡುವಿನಲ್ಲಿ ತಗ್ಗಾಗುವುದನ್ನು ನಾವು ಸಹಿಸಿಕೊಂಡು ಬಂದವರೇ. ರೇಣುಕಕ್ಕ ದೊಡ್ಡವರ ದಾರಿಯಲ್ಲಿ ನಡೆದಿದ್ದರು. ವ್ಯತ್ಯಾಸ ಒಂದೇ, ದೊಡ್ಡವರಿಗೆ ಗಿರಾಕಿಯ ಮುಖ ನೋಡಬೇಕಾಗಿಲ್ಲ.

ನೂಕುನುಗ್ಗಲು ಕರಗಿದ ಮೇಲೆ ರೇಣುಕಕ್ಕನೇ ಕೃಷ್ಣಪ್ಪನವರ ಮುಂದೆ ಕಾಫಿ ಇಟ್ಟು ನಿಂತರು. ಗ್ಯಾಸು, ಉದ್ದಿನಬೇಳೆ, ಬಾಡಿಗೆ ಎಲ್ಲ ಏರಿದೆ. ಎದುರಿನ ಫಾಸ್ಟ್‌ಫುಡ್ಡಿನವನು ಗೋಬಿ ಮಂಚೂರಿಗೆ ಒಮ್ಮೆಲೇ ಹದಿನೈದು ಏರಿಸಿದ; ಜನ ಗೇಟಿನ ಬಳಿಯ ತಳ್ಳುಗಾಡಿಗೆ ಹೋದರು; ಅವನ ಬಾಗಿಲಿಗೆ ಈಗ 'ಬಾಡಿಗೆಗೆ ಇದೆ' ಫಲಕ ತೂಗುತ್ತಿದೆ. ಬೆಳಗ್ಗೆ ಷಟರ್ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಅದೇ. ಇಡ್ಲಿಯ ಗಿರಾಕಿ ಹೋದರೆ ಇಲ್ಲಿ ಉಳಿಯುವುದು ಏನೂ ಇಲ್ಲ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, ಕೊನೆಗೆ ದನಿ ತಗ್ಗಿಸಿದರು. "ರೇಟ್ ಏರಿಸಿದ್ರ ನೀವೂ ಬರಂಗಿಲ್ಲ ಅನ್ಕೊಂಡೆ ಅಣ್ಣಾ."

ಕೃಷ್ಣಪ್ಪ ಕಾಫಿ ಮುಗಿಸಿದರು. "ಏರ್ಸು. ಎಲ್ರಿಗೂ ಏಳ್ಬುಟ್ಟು ಏರ್ಸು. ಅಳತೆ ಮುಟ್ಬ್ಯಾಡ. ನಾನು ಅಳತೆ ತಪ್ಪಿದ್ ಮಾಲು ಕೊಟ್ರೆ ಕಂಪ್ನೀನೋರು ಸುಮ್ಕಿರ್ತಾರಾ?"

"ಏರಿಸಿದ್ರ ನೀವು ಬರ್ತೀರಾ?"

"ದಿನಾ ಬರಕ್ಕಾಗಕಿಲ್ಲ" ಎಂದರು ಕೃಷ್ಣಪ್ಪ. ಸುಳ್ಳು ಹೇಳುವ ಅಭ್ಯಾಸ ಆ ಮನುಷ್ಯನ ವರ್ನಿಯರಿಗೂ ಇಲ್ಲ, ಬಾಯಿಗೂ ಇಲ್ಲ.

ಮರುದಿನ ರೇಣುಕಕ್ಕ ನನ್ನನ್ನು ಕರೆದು, ಪೇಪರಿನಲ್ಲಿದ್ದವರಲ್ಲವೇ, ಒಂದು ನೋಟಿಸು ಬರೆದುಕೊಡಿ ಎಂದರು. ನಿವೃತ್ತಿಯ ನಂತರ ನನ್ನ ಗದ್ಯವನ್ನು ಯಾರೂ ಕೇಳಿರಲಿಲ್ಲ. ಕರಡು ತಿದ್ದುವ ಮೇಜಿನಲ್ಲಿ ಕೂತು, ಕಚ್ಚಾ ಪದಾರ್ಥಗಳ ನಿರಂತರ ಬೆಲೆ ಏರಿಕೆಯ ಹಿನ್ನೆಲೆಯಲ್ಲಿ, ಗುಣಮಟ್ಟದ ಬಗೆಗಿನ ನಮ್ಮ ಬದ್ಧತೆಯನ್ನು ಉಳಿಸಿಕೊಳ್ಳುವ ಸಲುವಾಗಿ ಎಂದು ಆರಂಭವಾಗಿ, ಗ್ರಾಹಕರ ಸಹಕಾರವನ್ನು ಕೋರುವಲ್ಲಿಗೆ ಮುಗಿಯುವ ಐದು ವಾಕ್ಯ ಬರೆದೆ. ಬೇರೆಯವರ ಬರಹದಲ್ಲಾಗಿದ್ದರೆ ನಾನೇ ಮೊದಲ ನೋಟಕ್ಕೆ ಹೊಡೆದುಹಾಕುತ್ತಿದ್ದ ವಾಕ್ಯಗಳು.

ರೇಣುಕಕ್ಕ ಓದಿದರು. ಕಾರಣ ಎಲ್ಲರ ಮನೆಯಲ್ಲೂ ಗೊತ್ತಿರುವುದೇ ಅಲ್ಲವೇ ಎಂದು ಮೊದಲೆರಡು ವಾಕ್ಯಕ್ಕೆ ಗೀಟು ಎಳೆದರು. ಸಹಕಾರ ಕೋರುವುದಕ್ಕೆ ನಾನು ಸೊಸೈಟಿ ನಡೆಸುತ್ತೇನೆಯೇ ಎಂದು ಕೊನೆಯದನ್ನೂ ತೆಗೆದರು. ಉಳಿದಿದ್ದನ್ನು ಒಟ್ಟುಮಾಡಿ ತಾವೇ ಎರಡು ಸಾಲು ಬರೆದರು: 'ಸೋಮವಾರದಿಂದ ಇಡ್ಲಿ ಮೂವತ್ತೈದು. ಇಡ್ಲಿ ಹಳೆಯ ಅಳತೆ.' ಮೂವತ್ತು ವರ್ಷದಲ್ಲಿ ನನ್ನ ಕೈಕೆಳಗೆ ಇಂಥ ಉಪಸಂಪಾದಕರು ಒಬ್ಬರೂ ಬರಲಿಲ್ಲ.

ಸೋಮವಾರ ನಾನು ಒಂದು ಬಸ್ಸು ಮುಂಚೆ ಹೋದೆ. ಸುದ್ದಿಮನೆಯ ಚಟ, ಬೇರೇನಲ್ಲ. ಹಳೆಯ ತಟ್ಟೆಗಳು ಹಬೆಪಾತ್ರೆಗೆ ಇಳಿದಿದ್ದವು. ರೇಣುಕಕ್ಕ ನೋಟಿಸನ್ನು ನೋಡುತ್ತಿದ್ದರು, ಆಮೇಲೆ ರಸ್ತೆಯನ್ನು, ಆಮೇಲೆ ಎದುರಿನ ಫಲಕವನ್ನು. ಏಳೂವರೆಯಾದರೂ ಬಂದವರು ಮೂರೇ ಜನ. ಅದರಲ್ಲಿ ಒಬ್ಬ ನೋಟಿಸು ಓದಿ, ಬರೀ ಟೀ ಕುಡಿದು ಹೋದ. ಎದುರಿನವನು ಬೆಲೆ ಏರಿಸಿದ ದಿನವೂ ಹೀಗೇ ಇತ್ತು ಎಂದು ರೇಣುಕಕ್ಕ ನನಗೆ ಹೇಳಿದರು. ನನಗೆ ಹೇಳಿದಂತೆ ಇರಲಿಲ್ಲ, ತಮಗೇ ಹೇಳಿಕೊಂಡಂತಿತ್ತು.

ಎಂಟಕ್ಕೆ ಹತ್ತು ನಿಮಿಷ ಇರುವಾಗ ಕೃಷ್ಣಪ್ಪ ಬಂದರು, ಜೊತೆಗೆ ಏಳೆಂಟು ಜನ. ಇಡ್ಲಿ ತೆಗೆದುಕೊಂಡು ಮೇಜಿಗೆ ಬಂದವರೇ ವರ್ನಿಯರ್ ತೆಗೆದರು. ಅಗಲ ನೋಡಿದರು, ದಪ್ಪ ನೋಡಿದರು, ಕಾರ್ಖಾನೆಯಲ್ಲಿ ಮಾಲು ಪಾಸು ಮಾಡುವವರ ಗಾಂಭೀರ್ಯದಿಂದ ಒಮ್ಮೆ ತಲೆಯಾಡಿಸಿದರು. "ಇದು ಇಡ್ಲಿ" ಎಂದರು. ಹಿಂದಿದ್ದವರು ಒಬ್ಬೊಬ್ಬರಾಗಿ ಟೋಕನ್ ಕೇಳಿದರು. ಇಬ್ಬರು ಮಾತ್ರ, ಕಾಫಿಯನ್ನು ಬೈಟು ಹೇಳುವಷ್ಟೇ ಸಲೀಸಾಗಿ ಒಂದು ಪ್ಲೇಟ್ ಇಡ್ಲಿಯನ್ನು ಬೈಟು ಹೇಳಿ, ತಲೆಗೊಂದರಂತೆ ಹಂಚಿಕೊಂಡರು. ರೇಣುಕಕ್ಕ ಇಬ್ಬರಿಗೂ ಬೇರೆ ಬೇರೆ ಬಟ್ಟಲಲ್ಲಿ ತುಂಬ ಸಾಂಬಾರು ಕೊಟ್ಟರು. ಸಾಂಬಾರಿಗೆ ವರ್ನಿಯರ್ ಹಿಡಿಯಲು ಬರುವುದಿಲ್ಲ.

ಎಲ್ಲರೂ ಮರಳಿದರು ಎಂದು ಬರೆದರೆ ಅದು ಸುದ್ದಿಯಾಗುವುದಿಲ್ಲ, ಜಾಹೀರಾತಾಗುತ್ತದೆ. ನಾಲ್ಕೈದು ಮುಖಗಳು ಆ ಮೇಜಿನಲ್ಲಿ ಮತ್ತೆ ಕಾಣಲಿಲ್ಲ. ಕೃಷ್ಣಪ್ಪ ಈಗ ವಾರಕ್ಕೆ ನಾಲ್ಕು ದಿನ ಬರುತ್ತಾರೆ, ಉಳಿದೆರಡು ದಿನ ಮನೆಯಿಂದ ಡಬ್ಬಿ ತರುತ್ತಾರೆ. ಆದರೆ ಎರಡು ತಿಂಗಳಾಯಿತು, ಷಟರ್ ದಿನವೂ ಮೇಲೇಳುತ್ತಿದೆ.

ನನ್ನ ಸಂಗತಿ ಹೇಳಿಬಿಡುತ್ತೇನೆ. ಹಳೆಯ ತಟ್ಟೆಗಳು ಬಂದ ದಿನದಿಂದ ನನಗೆ ಮತ್ತೆ ಎರಡೇ ಇಡ್ಲಿ ಸಾಕಾಗುತ್ತಿದೆ. ಮೂರನೆಯದಕ್ಕೆಂದು ದಿನವೂ ಬೇರೆಯಾಗಿ ಕೊಡುತ್ತಿದ್ದ ಹದಿನೈದು ರೂಪಾಯಿ ನಿಂತಿದೆ. ಅಂದರೆ ಬೆಲೆ ಏರಿದ ಮೇಲೆ ನನಗೆ ಹತ್ತು ರೂಪಾಯಿ ಉಳಿಯುತ್ತಿದೆ. ಇದನ್ನು ಹೆಂಡತಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

"ಹಾಗಾದ್ರೆ ನಿಮಗೆ ವಯಸ್ಸಾಗಿದೆ" ಎಂದಳು.

ಹೌದು, ಅರವತ್ತೆರಡು. ಹಳೆಯ ಅಳತೆ.