ಪೆಟ್ಟಿಗೆಯಲ್ಲಿ ಎಷ್ಟು ಜೊತೆ

ಮೊದಲು ಪಾವಾಡೆಯ, ಅಂದರೆ ಲಂಗದ, ಬಣ್ಣ. ನಾನು ಹಸಿರು ಎನ್ನುತ್ತೇನೆ, ತಂಗಿ ಅರಿಶಿನ ಎನ್ನುತ್ತಾಳೆ. ಇಬ್ಬರಲ್ಲಿ ಒಬ್ಬರು ಆ ದಿನಗಳನ್ನು ತಿದ್ದಿದ್ದೇವೆ. ನಾನೇ ಇರಬಹುದು, ತಿದ್ದುವುದು ನನ್ನ ಕಸುಬು.

ತಂಗಿ ಎಂದರೆ ಚಿಕ್ಕಮ್ಮನ ಮಗಳು. ತಮಿಳು ಸೀಮೆಯ ಉತ್ತಮಪಾಳಯಂ ಪಕ್ಕದಲ್ಲಿ ನಮ್ಮ ಸೋದರಮಾವನ ಮನೆ. ಅಲ್ಲಿ ಅಟ್ಟದ ಮೇಲೆ ಸಣ್ಣದೊಂದು ಮರದ ಪೆಟ್ಟಿಗೆ ಇದೆ. ಅದರೊಳಗೆ ಮನೆದೇವರು: ಯಾವುದೋ ಕಾಲದಲ್ಲಿ ಮದುವೆಯಾಗದೆ ಸತ್ತ ಆ ಮನೆಯ ಹುಡುಗಿ. ವಿಗ್ರಹವಿಲ್ಲ. ಒಂದು ಜೊತೆ ಬಟ್ಟೆ, ಬಳೆ, ಕನ್ನಡಿ, ಅಷ್ಟೇ. ಪ್ರತಿ ಪೊಂಗಲ್‌ಗೆ ಪೆಟ್ಟಿಗೆ ಇಳಿಸಿ ಹೊಸ ಪಾವಾಡೆ, ರವಿಕೆ ಇಟ್ಟು, ಹಳೆಯದನ್ನು ಮನೆಯ ಹೆಣ್ಣುಮಕ್ಕಳಿಗೆ ತೊಡಲು ಕೊಡುತ್ತಾರೆ. ಅದನ್ನು ತೊಟ್ಟೇ ನಾವಿಬ್ಬರೂ ಬೆಳೆದೆವು. ಪೆಟ್ಟಿಗೆಯ ಹುಡುಗಿ ಸಿಡುಬು ಬಂದು ಸತ್ತಳು ಎಂದು ಹೇಳಿದ್ದರು.

ದಿಂಡಿಗಲ್‌ನಲ್ಲಿ ಓದುತ್ತಿದ್ದಾಗ ನಾನು ಬಸ್ಸಿನಲ್ಲಿ ಕೂತು ಫೋನಿನಲ್ಲಿ ಕಾದಂಬರಿಯೊಂದನ್ನು ಬರೆಯುತ್ತಿದ್ದೆ, ತಮಿಳಿನಲ್ಲಿ. ಮನೆಮಾತು ಕನ್ನಡವಾದರೂ ಈ ಕನ್ನಡ ಅಕ್ಷರ ಕಲಿತದ್ದು ಆಮೇಲೆ. ಕಾಲೇಜು ಹುಡುಗಿಯೊಬ್ಬಳು ಪೆಟ್ಟಿಗೆಯ ಪಾವಾಡೆ ತೊಡುತ್ತಾಳೆ. ಎರಡು ಸಾವಿರ ವರ್ಷ ಹಿಂದೆ, ಅದೇ ಕಣಿವೆಯಲ್ಲಿ, ಪೆಟ್ಟಿಗೆಯ ಹುಡುಗಿಯೇ ಆಗಿ ಎಚ್ಚರಗೊಳ್ಳುತ್ತಾಳೆ. ದನ ಕಾಯುವ ಒಬ್ಬನನ್ನು ಪ್ರೀತಿಸುತ್ತಾಳೆ. ಅವನ ಹೆಸರಿರುವ ವೀರಗಲ್ಲನ್ನು ಅವಳು ಈ ಕಾಲದಲ್ಲಿ ತೋಟದ ಬದುವಿನಲ್ಲಿ ನೋಡಿದ್ದಾಳೆ. ಅವನು ಸಾಯುವುದು ಅವಳಿಗೊಬ್ಬಳಿಗೇ ಗೊತ್ತು. ನಮ್ಮವರು ಈ ಕಣಿವೆಗೆ ಬಂದದ್ದು ಎಷ್ಟೋ ಶತಮಾನ ಕಳೆದ ಮೇಲೆ. ಪ್ರೇಮಕತೆಗೆ ಅಷ್ಟು ಲೆಕ್ಕ ಬೇಡವೆಂದುಕೊಂಡಿದ್ದೆ.

ಪ್ರತಿ ಅಧ್ಯಾಯವನ್ನೂ ಮೊದಲು ಓದುತ್ತಿದ್ದವಳು ತಂಗಿ. ಕೇಳುತ್ತಿದ್ದದ್ದು ಒಂದೇ: ಅವಳು ವಾಪಸ್ ಬರುತ್ತಾಳಾ? ಕಾರಣವಿತ್ತು. ಮಾಮನ ಮಗನಿಗೆ ಇವಳು ಎಂದು ಹುಟ್ಟಿದಾಗಲೇ ಮಾತಾಗಿತ್ತು. ಇವಳ ಮನಸ್ಸು ದಿಂಡಿಗಲ್‌ನ ಒಬ್ಬ ವ್ಯಾನ್ ಡ್ರೈವರ್ ಮೇಲೆ, ನಮ್ಮ ಜಾತಿಯವನಲ್ಲ. ತೇನಿ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರನ್ನೂ ನೋಡಿದ ಯಾರೋ ಮಾಮನಿಗೆ ಹೇಳಿದ್ದರು. ಮಾಮ ಬೈಯಲಿಲ್ಲ, ಹೊಡೆಯಲಿಲ್ಲ. ಮನೆಯಲ್ಲಿ ಎಲ್ಲರೂ ತಟ್ಟೆಯನ್ನು ಸದ್ದಾಗದಂತೆ ಇಡುವುದು ಕಲಿತರು.

ಪೊಂಗಲ್‌ಗೆ ಮುಂಚೆ ಒಂದು ಬೆಳಿಗ್ಗೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು, ನಾವಿಬ್ಬರು ಮತ್ತು ನಮ್ಮ ತಾಯಂದಿರ ತಾಯಿ, ಅಮ್ಮಾಚಿ. ತಂಗಿ ನನ್ನ ಕತೆಯನ್ನು ಮನೆಮಾತಿಗೆ ತಿರುಗಿಸಿ ಹೇಳುತ್ತಿದ್ದಳು. ಮಾಮ ಮೆಟ್ಟಿಲ ಮೇಲೆ ಕೂತು ಔಷಧಿ ಹೊಡೆಯುವ ಸ್ಪ್ರೇಯರ್ ಬಿಚ್ಚುತ್ತಿದ್ದರು.

"ಎರಡ್ ಸಾವ್ರ ವರ್ಸಕ್ಕೆ ಯಾವ್ ಬಸ್ಸಲ್ಲಿ ಹೋದ್ಳು ಪುಳ್ಳೆ?" ಅಮ್ಮಾಚಿ ನಕ್ಕಳು. ಹುಡುಗಿಗೆ ನಮ್ಮಲ್ಲಿ ಪುಳ್ಳೆ ಎನ್ನುತ್ತಾರೆ. "ಕಂಬಂ ಬಸ್ಸಾದ್ರೆ ಸೀಟೇ ಸಿಕ್ಕಾಕಿಲ್ಲ."

"ಸುಮ್ನೆ ಕೇಳು ಅಮ್ಮಾಚಿ. ಈಗ ಅವ್ಳ ಅಣ್ಣಂದಿರ್ಗೆ ಗೊತ್ತಾಗೋಯ್ತು. ಮೀನ್ ಹಿಡಿಯಾನ ಬಾ ಅಂತ ಅವ್ಳ್ನ ಹೊಳೆತಾವ ಕರ್ಕೊಂಡೋದ್ರು. ಅಲ್ಲಿ..."

"ಹೊಳೆ ಅಲ್ಲ," ಅಮ್ಮಾಚಿ ಕಾಯಿ ಸುಲಿಯುತ್ತಲೇ ಅಂದಳು. "ಬಾವಿ."

ಆ ಅಣ್ಣಂದಿರನ್ನು ನಾನು ಕಟ್ಟಿದ್ದೆ, ಕತೆಗೊಂದು ಕೇಡು ಬೇಕಿತ್ತೆಂದು. ಸಿಡುಬು ಬಿಟ್ಟು ನನಗೆ ಯಾರೂ ಏನೂ ಹೇಳಿರಲಿಲ್ಲ. ಅಮ್ಮಾಚಿ ತಾನಾಡಿದ್ದನ್ನು ಆಗ ಕೇಳಿಸಿಕೊಂಡವಳಂತೆ ಮೊರದಿಂದ ಕೈ ತೆಗೆದಳು. ಇದನ್ನು ಮೊದಲ ಸಲ ಬರೆದಾಗ ಇಲ್ಲೊಂದು ಕಾಗೆ ಕೂಗಿತ್ತು. ಕಾಗೆ ಇರಲಿಲ್ಲ. ಸ್ಪ್ರೇಯರ್‌ನ ಮೂತಿ ಕೆಳಗೆ ಬಿದ್ದ ಸದ್ದೂ ನನ್ನದೇ ಇರಬೇಕು. ಮಾಮ ಏನನ್ನೂ ಬೀಳಿಸುವವರಲ್ಲ.

"ಕತೆ ಸಂದಾಕೈತೆ," ಅಂದರು ಮಾಮ. "ಕಡೇಲಿ ಆ ಪುಳ್ಳೆ ಮನೆಗೆ ಬತ್ತಾಳಾ?"

ಕೇಳಿದ್ದು ನನ್ನನ್ನು. ಉತ್ತರಿಸಿದ್ದು ತಂಗಿ.

"ಬರಲ್ಲ ಮಾಮ."

"ಹಂಗಾ."

ಮರುದಿನ ಅವರೇ ತೇನಿಗೆ ಹೋಗಿ ದೇವರ ಬಟ್ಟೆ ತಂದರು. ಅದುವರೆಗೆ ತರುತ್ತಿದ್ದವಳು ಅಮ್ಮಾಚಿ. ಕವರಿನಲ್ಲಿ ಎರಡು ಜೊತೆ ಇದ್ದವು. ಒಂದು ಎಂದಿನ ಚಿಕ್ಕ ಅಳತೆ. ಇನ್ನೊಂದು ತಂಗಿಯ ಅಳತೆ.

"ಇದ್ಯಾರಿಗಪ್ಪಾ?" ಅಮ್ಮಾಚಿ ಕೇಳಿದಳು.

"ಮದ್ವೆಗೆ ಒಪ್ಪುದ್ರೆ ತೆಗ್ದು ತೊಡ್ಲಿ ಅವ್ವ. ಇಲ್ಲಾಂದ್ರೆ ಪೆಟ್ಗೇಲೇ ಇರ್ಲಿ."

ಎರಡನ್ನೂ ಒಂದರ ಮೇಲೊಂದಿಟ್ಟು, ಅಂಚು ಸರಿಮಾಡಿ, ಕರ್ಪೂರ ಹಚ್ಚಿದರು. ಪಾವಾಡೆ ಹಸಿರೋ ಅರಿಶಿನವೋ ಎಂದದ್ದು ಈ ಎರಡನೆಯದನ್ನು.

ಹಬ್ಬ ಮುಗಿಯಿತು. ಅಮ್ಮಾಚಿಗೆ ಬೀಗದ ಹುಚ್ಚು ಹಿಡಿಯಿತು. ಪೆಟ್ಟಿಗೆಗೆ ಇಲಿ ನುಗ್ಗುತ್ತದೆ, ಬೀಗ ಬೇಕು, ದಿಂಡಿಗಲ್ ಬೀಗವೇ ಆಗಬೇಕು. ಬೀಗಕ್ಕೆ ಇಲಿ ನಿಲ್ಲುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಮಾಮ ಔಷಧಿ ಹೊಡೆಯಲು ತೋಟಕ್ಕೆ ಹೋದ ಬೆಳಿಗ್ಗೆ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿದಳು. "ನಿಧಾನ್ವಾಗಿ ನೋಡಿ ತನ್ನಿ, ನನ್ ಕಣ್ಣು," ಎಂದು ತಂಗಿಯ ಕೆನ್ನೆ ಸವರಿದಳು.

ಅಂಗಡಿಯವನು ಬೀಗ ಆಡಿಸಿ ತೋರಿಸುವಾಗ ತಂಗಿ ಪಕ್ಕದಲ್ಲಿದ್ದಳು, ತಿರುಗಿದಾಗ ಇರಲಿಲ್ಲ. ಹೀಗೆ ಬರೆದರೆ ಅಚ್ಚುಕಟ್ಟು. ನಡೆದದ್ದು ಬೇರೆ: ಅವಳು ನನ್ನ ಕೈ ಹಿಡಿದು, "ಅಕ್ಕ, ನಿನ್ ಕತೇಲಿ ಆ ಕಲ್ಮೇಲಿರೋ ಅವನ್ ಹೆಸ್ರು ಅಳ್ಸಿಬುಡು," ಎಂದು ಹೇಳಿ ಹೋದಳು. ಬೀದಿಯ ತುದಿಯಲ್ಲಿ ವ್ಯಾನ್ ನಿಂತಿತ್ತು. ಅದರ ಬಣ್ಣ ಚೆನ್ನಾಗಿ ನೆನಪಿದೆ. ಬರೆಯುವುದಿಲ್ಲ.

ಒಬ್ಬಳೇ ಏಕೆ ಬಂದೆ ಎಂದು ಅಮ್ಮಾಚಿ ಕೇಳಲಿಲ್ಲ. ಪೆಟ್ಟಿಗೆಗೆ ಬೀಗ ಜಡಿದು ಬೀಗದಕೈಯನ್ನು ಸೆರಗಿಗೆ ಕಟ್ಟಿಕೊಂಡಳು. ಸಂಜೆ ಮಾಮ ಬಾಗಿಲ ಬಳಿಯ ಚಪ್ಪಲಿಗಳನ್ನು ಸ್ವಲ್ಪ ಹೊತ್ತು ನೋಡಿದರು. ಕೈಕಾಲು ತೊಳೆದು ಉಂಡರು.

"ಪೂಟು ಗಟ್ಟಿಯಾಗೈತಾ?" ಬೀಗವನ್ನು ಕುರಿತು ಅಷ್ಟೇ ಕೇಳಿದರು.

ಕಾದಂಬರಿ ಅಲ್ಲಿಗೇ ನಿಂತಿತು. ಹೊಳೆಯ ದಂಡೆಯಲ್ಲಿ ಅಣ್ಣಂದಿರು ಇನ್ನೂ ಕಾಯುತ್ತಿದ್ದಾರೆ. ಅಮ್ಮಾಚಿ ತೀರಿಕೊಂಡಳು. ಬೀಗದಕೈ ಈಗ ಮಾಮನ ಸೊಂಟದಲ್ಲಿದೆ. ಪ್ರತಿ ಪೊಂಗಲ್‌ಗೆ ಅವರು ತೇನಿಗೆ ಹೋಗುತ್ತಾರೆ, ಎರಡು ಜೊತೆ ತರುತ್ತಾರೆ. ಹಬ್ಬ ಕಳೆದ ಮೇಲೆ ನನಗೊಂದು ಫೋನ್ ಬರುತ್ತದೆ, ಪ್ರತಿ ಸಲ ಹೊಸ ನಂಬರಿನಿಂದ. ಎಲ್ಲಿಂದ ಎಂದು ನಾನು ಕೇಳುವುದಿಲ್ಲ.

"ಎಷ್ಟ್ ಜೊತೆ ಅಕ್ಕ?"

"ಎರಡು."

ಒಂದು ವರ್ಷ ಮಾತ್ರ ಆ ಪಾವಾಡೆಯ ಬಣ್ಣಕ್ಕೆ ಜಗಳವಾಡಿದೆವು. ಉಳಿದಂತೆ ಅವಳು ಅಷ್ಟು ಕೇಳಿ ಇಟ್ಟುಬಿಡುತ್ತಾಳೆ.

ಈ ವರ್ಷ ಮಾಮ ಮೂರು ತಂದರು. ಮೂರನೆಯ ಪಾವಾಡೆ ನನ್ನ ಗೇಣಿಗಿಂತ ಸ್ವಲ್ಪ ಉದ್ದ. ಅಂಗಡಿಯವರು ತಪ್ಪಿ ಹಾಕಿದ್ದಾರೆ ಎಂದುಕೊಂಡೆ. ಆದರೆ ಮಾಮ ಅದನ್ನೂ ಮೇಲಿಟ್ಟು, ಅಂಚು ಸರಿಮಾಡಿದರು.

ನಾಲ್ಕು ದಿನದ ಮೇಲೆ ಫೋನ್ ಬಂತು. ಅವಳ ದನಿಯ ಹಿಂದೆ ಮಗುವೊಂದು ಅಳುತ್ತಿತ್ತು. ಅವಳಿಗೆ ಮಗುವಾದದ್ದು ನನಗೂ ಗೊತ್ತಿರಲಿಲ್ಲ.

"ಎಷ್ಟ್ ಜೊತೆ ಅಕ್ಕ?"

"ಹೆಣ್ಣಾ?" ಎಂದೆ.

ಮಗುವಿನ ಬೆನ್ನು ತಟ್ಟುವ ಸದ್ದು ಕೇಳಿಸಿತು.

"ಮನೆ ಬುಟ್ಬುಡು," ಎಂದೆ. "ಈಗ್ಲೇ."