ಬಾಪನ ಗ್ಲಾಸಿನ ಶರಬತ್ತು

ಕರುಣೆಯ ಒಡೆಯನಾದ ಅಲ್ಲಾಹನನ್ನು ಸ್ತುತಿಸಿ ಹೇಳುತ್ತೇನೆ.

ಬಂಟ್ವಾಳದ ಹೊಳೆಯಲ್ಲಿ ಈಜಿ, ಸೈಕಲ್ ತುಳಿದು, ಮೂಡುಬಿದಿರೆಗೆ ಓಡುವ ಟ್ರಯತ್ಲಾನ್ ಅದು. ನನಗೆ ಈಜು ಕಲಿಸಿದ ಬಾಪ, ಇದನ್ನೊಂದು ಮುಗಿಸು ಎಂದು ಹೇಳಿಯೇ ತೀರಿಹೋಗಿದ್ದರು. ಪುತ್ತಿಗೆಯ ನಮ್ಮ ಮನೆಯೆದುರು ನನ್ನ ಕಾಲು ಸೋತಿತು. ಉಮ್ಮ ಗಂಡ ತೀರಿದ ಮೇಲಿನ ಶೋಕದ ಇದ್ದತ್‌ನಲ್ಲಿದ್ದರು, ಹೊಸ್ತಿಲು ದಾಟುವಂತಿಲ್ಲ, ಪರಗಂಡಸರ ಎದುರು ಬರುವಂತಿಲ್ಲ. ಬಾಪನ ಗ್ಲಾಸಿನಲ್ಲಿ ಶರಬತ್ತು ಮಾಡಿ ಕಿಟಕಿಯಲ್ಲಿಟ್ಟಿದ್ದರು. ನಾನು ಅಂಗಳದತ್ತ ತಿರುಗಿದೆ.

"ರಸ್ತೆ ಬಿಟ್ಟರೆ ನೀವು ಔಟ್ ಮಾರಾಯ್ರೆ," ಎಂದರು ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದ ಸ್ಪರ್ಧೆಯ ಮಾಸ್ಟ್ರು.

"ಉಮ್ಮನಿಗೆ ಹೊರಗೆ ಬರ್ಲಿಕ್ಕಿಲ್ಲ ಸರ್. ಬಾಪ ತೀರಿ ತಿಂಗಳಾಯ್ತಷ್ಟೆ."

ಅವರೇ ಅಂಗಳಕ್ಕಿಳಿದು, ಕಿಟಕಿಗೆ ಬೆನ್ನು ಹಾಕಿ ಹಿಮ್ಮುಖವಾಗಿ ನಡೆದು, ಕೋಳಿಗೂಡಿಗೆ ಎಡವಿ, ಗ್ಲಾಸು ತಂದರು.

"ತಾಯಿ ಅಳುವುದು ಕೇಳ್ತದೆ. ಕುಡಿದು ಓಡಿ."

ಎಲ್ಲರಿಗಿಂತ ಕೊನೆಗೆ ಮುಟ್ಟಿದೆ. ಸಂಜೆ ಉಮ್ಮ ಓಟದ ಬಗ್ಗೆ ಕೇಳಲೇ ಇಲ್ಲ. "ಆ ಮಾಸ್ಟ್ರಿಗೆ ಕಾಲು ನೋವಾಯ್ತಾ?" ಎಂದರು.

ಕೇಳಿದ ನಿಮ್ಮೆಲ್ಲರ ದುಃಖದ ಅಂಗಳಕ್ಕೂ ಅಲ್ಲಾಹನು ಅಂಥವರೊಬ್ಬರನ್ನು ಕಳುಹಿಸಲಿ.