ಖಂಡೇಪೂಜೆಗೆ ನಿಲ್ಲಿಸಿದ ಸರ್ವರ್

ಓದುಗರೆಲ್ಲರಿಗೂ ಶರಣು. ನಾನು ಮೀಸೆ ಬಂದ ಮೇಲೆ ಶಾಲೆ ಕಲಿತವನು. ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಟೈಪ್ ಮಾಡುತ್ತೇನೆ. ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಗೋಕಾಕದ ಒಂದು ಕಚೇರಿಯವರು ತಮ್ಮ ಹಳೆಯ ಸರ್ವರನ್ನು ಗುಜರಿಗೆ ಹಾಕಲು ತೆಗೆದಿದ್ದರು. ಕಪಾಟಿನಷ್ಟು ಎತ್ತರದ ಕಂಪ್ಯೂಟರ್. ಇಡೀ ಕಚೇರಿಯ ಕೆಲಸ ಅದೊಂದರ ಮೇಲೆಯೇ ನಡೆಯುತ್ತಿತ್ತಂತೆ. ಅಲ್ಲಿ ವೈರಿಂಗ್ ಮಾಡಲು ಹೋಗಿದ್ದ ನಾನು ಅದನ್ನು ಕೇಳಿ ಪಡೆದು, ಟೆಂಪೋದಲ್ಲಿ ಮೂಡಲಗಿಯ ಮನೆಗೆ ತಂದೆ. ಜೋಡಿಸಲು ಬಂದ ಕಚೇರಿಯ ಆಪರೇಟರ್ ಬಹಳ ಹೊತ್ತು ಒದ್ದಾಡಿ ಚಾಲೂ ಮಾಡಿದರು.

"ಡಿಸ್ಕ್ ಹಳೇದ ಐತ್ರಿ. ತಿರಗೂತನಕ ತಿರಗತೈತಿ. ನಿಂತು ತಣ್ಣಗಾದ್ರ ಅಲ್ಲೇ ಹಿಡಕೊಂಡು ಬಿಡತೈತಿ. ಬಂದ್ ಮಾಡಬ್ಯಾಡ್ರಿ," ಎಂದು ಹೇಳಿ ಹೋದರು.

ಅಂದಿನಿಂದ ಅದೂ ನಿಲ್ಲಲಿಲ್ಲ, ನಾವೂ ಸರಿಯಾಗಿ ಮಲಗಲಿಲ್ಲ. ಕರೆಂಟ್ ಹೋದರೆ ಟ್ರ್ಯಾಕ್ಟರ್ ಬ್ಯಾಟರಿಗೆ ಇನ್ವರ್ಟರ್ ಜೋಡಿಸಿ ನಡೆಸುತ್ತಿದ್ದೆ. ಫ್ಯಾನುಗಳ ಗದ್ದಲ ಹಿಟ್ಟಿನ ಗಿರಣಿಯಂತೆ. ಕಾವಿಗೆ ಪಡಸಾಲೆಯಲ್ಲಿ ಕೂಡಲಾಗುತ್ತಿರಲಿಲ್ಲ. ಅದರ ಪರದೆಗೆ ಇಂಗ್ಲಿಷ್ ಬಿಟ್ಟು ಬೇರೆ ಬರುತ್ತಿರಲಿಲ್ಲ. ನಾನು ಕೆಲಸದಿಂದ ಬಂದು, ಚುಕ್ಕೆ ಇಟ್ಟು ರಂಗೋಲಿ ಹಾಕಿದಂತೆ, ಒಂದೊಂದೇ ಕನ್ನಡ ಅಕ್ಷರ ಕೂಡಿಸುತ್ತಿದ್ದೆ. ನಾನು ತಡವಾಗಿ ಕಲಿತದ್ದನ್ನು ಅದಕ್ಕೂ ಕಲಿಸಬೇಕೆಂಬ ಹಟ. ಎರಡು ವರ್ಷವಾಗುವಷ್ಟರಲ್ಲಿ ಒತ್ತಕ್ಷರಗಳು ಮಾತ್ರ ಉಳಿದಿದ್ದವು. ಪ್ರತಿ ತೆಗೆದಿಡುವ ಟೇಪ್ ಕೆಟ್ಟಿದ್ದರಿಂದ ನಾನು ಕೂಡಿಸಿದ ಅಕ್ಷರಗಳಿಗೆ ಬೇರೆ ಪ್ರತಿ ಇರಲಿಲ್ಲ. ಇದ್ದದ್ದೆಲ್ಲ ಆ ಡಿಸ್ಕಿನಲ್ಲೇ.

"ನನ್ನ ಹೆಸರ ಯಾವಾಗ ಬರತೈತ್ರಿ?" ಎಂದು ಹೆಂಡತಿ ಕೇಳುತ್ತಿದ್ದಳು.

"ನಿನ್ನ ಹೆಸರಾಗ ಒತ್ತಕ್ಷರ ಐತಿ. ತಡಿ."

"ಲಗ್ನ ಆದಾಗಿಂದ ತಡಿ ಅನ್ನೂದ ಆತು ನಿಮ್ದು."

ನಮ್ಮಲ್ಲಿ ಖಂಡೇಪೂಜೆಯಂದು, ಅಂದರೆ ಆಯುಧಪೂಜೆಯ ದಿನ, ದುಡಿಯುವ ಸಾಮಾನಿಗೆಲ್ಲ ಬಿಡುವು. ಕುಡುಗೋಲು, ಕೊಡಲಿ, ವೈರು ಹಿಡಿದು ಕತ್ತರಿಸುವ ನನ್ನ ಪಕ್ಕಡ, ಎಲ್ಲಕ್ಕೂ ಪೂಜೆ ಮಾಡಿ, ಮರುದಿನ ಸಂಜೆ ಬನ್ನಿ ಮುಡಿಯುವವರೆಗೆ ಮುಟ್ಟುವುದಿಲ್ಲ. ಆ ವರ್ಷ ಅವ್ವ ವಿಭೂತಿ ಹಿಡಿದು ಸರ್ವರಿನ ಮುಂದೆ ನಿಂತಳು.

"ಎಲ್ಲಾ ಸುಮ್ಮನ ಕುಂತಾವು, ಇದೊಂದ ಬೊಬ್ಬಿ ಹೊಡ್ಯಾಕತ್ತೈತಿ. ದುಡಿಯೂದಕ್ಕ ಒಂದ ದಿನ ಬಿಡುವು ಕೊಡಾಕ ಆಗೂದಿಲ್ಲೇನೋ?"

"ಯವ್ವಾ, ಮಲಗಿಸಿದ್ರ ಏಳೂದಿಲ್ಲ ಅದು."

"ಹಂಗಾರ ನೀನೂ ಮಲಗಬ್ಯಾಡ. ಮುಂಜಾನಿ ಏಳತೀಯೋ ಇಲ್ಲೋ!"

ಹೆಂಡತಿ ನಕ್ಕಳು. ನನಗೂ ಸಾಕಾಗಿತ್ತು. ಬಂದ್ ಮಾಡಿದೆ. ಗೋಡೆ ಗಡಿಯಾರದ ಸದ್ದು ನಮ್ಮ ಮನೆಯಲ್ಲಿ ಮತ್ತೆ ಕೇಳಿಸಿತು. ಅವ್ವ ಸರ್ವರಿಗೆ ಚೆಂಡು ಹೂ ಏರಿಸಿದಳು. ಮರುದಿನ ಹೊತ್ತೇರುವವರೆಗೆ ಎಲ್ಲರೂ ಮಲಗಿದೆವು.

ಸಂಜೆ ಬನ್ನಿ ಮುಡಿದು ಬಂದು ಸ್ವಿಚ್ ಹಾಕಿದೆ. ಫ್ಯಾನು ತಿರುಗಿದವು. ಡಿಸ್ಕ್ ಟಕ್ ಎಂದು ಸುಮ್ಮನಾಯಿತು. ತಟ್ಟಿದೆ, ಬಿಸಿ ಬಟ್ಟೆಯಲ್ಲಿ ಸುತ್ತಿದೆ, ಮತ್ತೆ ಹಾಕಿದೆ. ಟಕ್ ಅಷ್ಟೇ.

ಅವ್ವ ಕಂಬಕ್ಕೆ ಒರಗಿ ನೋಡುತ್ತಿದ್ದಳು. "ನಾ ಹೇಳಿದ್ದಕ್ಕ ಹಿಂಗಾತೇನೋ?"

"ಇಲ್ಲಬೇ. ಅದಕ್ಕೂ ದಣಿವಾಗಿತ್ತು."

ಒತ್ತಕ್ಷರ ಹಾಗಿರಲಿ, ಮತ್ತೆ 'ಅ'ದಿಂದ ಚುಕ್ಕೆ ಇಡುವ ತ್ರಾಣ ನನಗೆ ಉಳಿದಿರಲಿಲ್ಲ. ಸರ್ವರ್ ಪಡಸಾಲೆಯಲ್ಲೇ ನಿಂತಿದೆ. ಖಂಡೇಪೂಜೆ ಬಂದರೆ ಅವ್ವ ಮೊದಲ ಹೂ ಅದಕ್ಕೇ ಇಡುತ್ತಾಳೆ. ಹೆಂಡತಿ ತನ್ನ ಹೆಸರಿನ ಮಾತೆತ್ತುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಹಳೆಯ ಯಂತ್ರ ಇದ್ದೀತು. ಹೀಗೆ ಹಿಡಿದುಕೊಂಡ ಡಿಸ್ಕನ್ನು ಯಾರಾದರೂ ಎಬ್ಬಿಸಿದ್ದರೆ ಹೇಗೆಂದು ಬರೆಯಿರಿ. ಎಬ್ಬಿಸಲಾಗದಿದ್ದರೂ ಬರೆಯಿರಿ.